ಶಾಸನಸಭೆಯ ಬಾಗಿಲಿಗೆ ಕಾಯಿದೆಯ ಕೀಲಿಕೈ

ಪದವಿ ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರ ಚಿಕ್ಕೋಡಿಯ ಬಸ್ ನಿಲ್ದಾಣದಲ್ಲಿ ಒಂದು ಗಳಿಗೆ ನಿಂತರೆ ಸಾಕು. ಅಂಕಪಟ್ಟಿಯನ್ನು ಮಳೆಗೆ ನೆನೆಯದಂತೆ ಎದೆಗೆ ಅವಚಿಕೊಂಡು ಬೆಳಗಾವಿಯ ಬಸ್ಸಿಗಾಗಿ ಕಾದು ನಿಂತ ತರುಣರು ಅಲ್ಲಿ ಕಾಣಸಿಗುತ್ತಾರೆ. ಅವರ ಬದಿಗೆ ಅವರ ತಂದೆಯರು. ಮಗ ಕಾಯಿದೆ ಕಾಲೇಜನ್ನು ಸೇರುತ್ತಾನೆ ಎಂದು ಹೇಳುವಾಗ ತಂದೆಯ ದನಿಯಲ್ಲಿ ಹೆಮ್ಮೆಯಷ್ಟೇ ಅಳುಕೂ ಇರುತ್ತದೆ. "ವಕೀಲಕಿ ಮಾಡಾಕಲ್ಲಂತ್ರಿ, ಮುಂದ ಅಸೆಂಬ್ಲಿಗೆ ಹೋಗಾಕಂತ!" ಎಂದು ಪಕ್ಕದವರಿಗೆ ತಿಳಿಸಿ, ಕೇಳಿದವರು ನಗುವರೋ ತಲೆದೂಗುವರೋ ಎಂದು ಮುಖ ನೋಡುತ್ತಾರೆ.

ಪ್ರಶ್ನೆ ನಗುವಂಥದಲ್ಲ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ - ಈ ಐದು ತಾಲೂಕುಗಳ ಬದುಕು ಸರಕಾರದ ಕಾಗದಕ್ಕೆ ಕಟ್ಟಿಬಿದ್ದಷ್ಟು ನಾಡಿನ ಇತರ ಭಾಗಗಳ ಬದುಕು ಕಟ್ಟಿಬಿದ್ದಿರುವುದು ವಿರಳ. ಕಬ್ಬಿನ ಬೆಲೆಯನ್ನು ಗೊತ್ತುಮಾಡುವುದು ಒಂದು ಆದೇಶ. ಬೀಡಿ ಸುತ್ತುವ ಹೆಣ್ಣುಮಗಳ ಕೂಲಿಯನ್ನು ಗೊತ್ತುಮಾಡುವುದು ಇನ್ನೊಂದು ಅಧಿಸೂಚನೆ. ಕೃಷ್ಣೆಯ ನೀರು ಎಷ್ಟು ಯಾರ ಪಾಲು ಎಂಬುದನ್ನು ಹೇಳುವುದು ನ್ಯಾಯಾಧಿಕರಣದ ತೀರ್ಪು. ಊರು ಯಾವ ರಾಜ್ಯಕ್ಕೆ ಸೇರಿದ್ದೆಂಬುದೂ 1956ರ ರಾಜ್ಯ ಪುನರ್ವಿಂಗಡಣೆ ಕಾಯಿದೆಯ ಮಾತು. ಇಂಥ ಸೀಮೆಯ ಬುದ್ಧಿವಂತ ಹುಡುಗನಿಗೆ, ಕಾಯಿದೆಯನ್ನು ಪಾಲಿಸುವುದಕ್ಕಿಂತ ಕಾಯಿದೆ ಮಾಡುವ ಕಡೆಗೆ, ಇಲ್ಲವೇ ಮಾಡಿಸುವ ಕಡೆಗೆ ಹೋಗಬೇಕೆನ್ನಿಸಿದರೆ ಆಶ್ಚರ್ಯವೇನು? ಅದಕ್ಕೆ ಮೂರು ವರ್ಷ ಕಾಯಿದೆ ಓದುವುದು ಅಗತ್ಯವೇ ಎಂಬುದೇ ಪ್ರಶ್ನೆ. ಆ ಮೂರು ವರ್ಷಗಳ ಶುಲ್ಕ ಬರಬೇಕಾದುದು ಕಬ್ಬಿನ ಬಿಲ್ಲಿನಿಂದ. ಬಿಲ್ಲು ಬರುವುದು ಯಾವಾಗ ಎಂಬುದೂ ಕಾಯಿದೆಯ ಪ್ರಶ್ನೆಯೇ!

ವಯಸ್ಸೊಂದೇ ಅರ್ಹತೆ

ಸಂವಿಧಾನವನ್ನು ಕೇಳಿದರೆ ಉತ್ತರ ಸರಳ. ವಿಧಾನಸಭೆಗೂ ಲೋಕಸಭೆಗೂ ನಿಲ್ಲುವವನು ಭಾರತದ ಪ್ರಜೆಯಾಗಿರಬೇಕು, ವಯಸ್ಸು 25 ತುಂಬಿರಬೇಕು, ಪ್ರಮಾಣವಚನ ಸ್ವೀಕರಿಸಬೇಕು. ವಿಧಾನಪರಿಷತ್ತಿಗಾದರೆ 30 ವರ್ಷ. ಯಾವ ಪದವಿಯ ಮಾತೂ ಅಲ್ಲಿಲ್ಲ. ರಾಜ್ಯದ ಕಾಯಿದೆಗಳಿಗೆ ಕೈಯೆತ್ತುವವನು ಶಾಲೆಯ ಮೆಟ್ಟಿಲು ಹತ್ತಿರಲೇಬೇಕೆಂದು ಸಂವಿಧಾನವನ್ನು ರಚಿಸಿದವರು ಹೇಳಲಿಲ್ಲ. ಅವರಲ್ಲಿ ವಕೀಲರೇ ಬಹುಸಂಖ್ಯೆಯಲ್ಲಿದ್ದರೆಂಬುದನ್ನು ನೆನೆದರೆ ಈ ಮೌನದ ಬೆಲೆ ತಿಳಿದೀತು.

ಆದರೆ ಲೆಕ್ಕ ಇನ್ನೊಂದುಂಟು. 21ನೆಯ ವಯಸ್ಸಿಗೆ ಪದವಿ ಮುಗಿಸಿದವನು ಮೂರು ವರ್ಷದ ಕಾಯಿದೆ ಪದವಿ ಪಡೆದಾಗ 24. ಸಂವಿಧಾನ ಹೇಗಿದ್ದರೂ ಅವನನ್ನು 25ರವರೆಗೆ ಕಾಯಿಸುತ್ತದೆ. ಆ ಕಾಯುವ ಕಾಲವನ್ನು ಓದಿನಲ್ಲಿ ಕಳೆಯುವುದೋ, ಪಂಚಾಯಿತಿಗೆ 21ಕ್ಕೇ ನಿಲ್ಲಬಹುದಾದ್ದರಿಂದ ಊರಿನಲ್ಲೇ ಇದ್ದು ಚರಂಡಿ, ದೀಪ, ನೀರಿನ ರಾಜಕಾರಣ ಕಲಿಯುವುದೋ ಎಂಬುದು ಅವನ ಆಯ್ಕೆ.

ಚಿಕ್ಕೋಡಿಯ ವಕೀಲರು ಮತ್ತು ಎರಡು ಅಂಕೆಗಳು

ಕಾಯಿದೆ ಓದಿ ದಿಲ್ಲಿಯವರೆಗೆ ನಡೆದವರ ಉದಾಹರಣೆ ಈ ಸೀಮೆಗೆ ದೂರದ್ದಲ್ಲ. ವಕೀಲಿ ವೃತ್ತಿಯಿಂದ ಬಂದ ಬಿ. ಶಂಕರಾನಂದರು 1967ರಿಂದ ಸತತವಾಗಿ ಏಳು ಚುನಾವಣೆಗಳಲ್ಲಿ ಚಿಕ್ಕೋಡಿಯಿಂದ ಲೋಕಸಭೆಗೆ ಆರಿಸಿಬಂದರು. ಆರೋಗ್ಯ, ಜಲಸಂಪನ್ಮೂಲ, ಕಾನೂನು, ಪೆಟ್ರೋಲಿಯಂ ಮುಂತಾದ ಖಾತೆಗಳನ್ನು ಬೇರೆ ಬೇರೆ ಕಾಲಗಳಲ್ಲಿ ನಿರ್ವಹಿಸಿದರು. ಬೊಫೋರ್ಸ್ ವ್ಯವಹಾರವನ್ನು ಪರಿಶೀಲಿಸಿದ ಸಂಯುಕ್ತ ಸಂಸದೀಯ ಸಮಿತಿಯ ಅಧ್ಯಕ್ಷರೂ ಅವರೇ.

1988ರ ಡಿಸೆಂಬರ್ 13ರಂದು ಲೋಕಸಭೆಯಲ್ಲಿ ಅವರು ಒಂದು ಸಂವಿಧಾನ ತಿದ್ದುಪಡಿ ಮಸೂದೆಯನ್ನು ಮಂಡಿಸಿದರು. ಮಸೂದೆಯ ತಿರುಳು ಒಂದೇ ಸಾಲು: 326ನೆಯ ವಿಧಿಯಲ್ಲಿ "ಇಪ್ಪತ್ತೊಂದು" ಎಂದಿರುವಲ್ಲಿ "ಹದಿನೆಂಟು" ಎಂದು ಓದಿಕೊಳ್ಳತಕ್ಕದ್ದು. ಡಿಸೆಂಬರ್ 15ರಂದು ಲೋಕಸಭೆಯೂ, 20ರಂದು ರಾಜ್ಯಸಭೆಯೂ ಅದನ್ನು ಅಂಗೀಕರಿಸಿದವು. ಅಗತ್ಯವಾದಷ್ಟು ರಾಜ್ಯಗಳ ಶಾಸನಸಭೆಗಳು ಒಪ್ಪಿಗೆ ಕೊಟ್ಟ ಬಳಿಕ 1989ರ ಮಾರ್ಚ್ 28ರಂದು ಅದು ಜಾರಿಗೆ ಬಂದಿತು. ಹದಿನೆಂಟು ತುಂಬಿದ ಕೋಟ್ಯಂತರ ತರುಣ ತರುಣಿಯರಿಗೆ ಮತದಾನದ ಹಕ್ಕು ದೊರೆತುದು ಹೀಗೆ. ಬಸ್ ನಿಲ್ದಾಣದ ಹುಡುಗ ತನ್ನ ಮೊದಲ ಮತ ಚಲಾಯಿಸಿದ್ದು ತನ್ನದೇ ಸೀಮೆಯ ಪ್ರತಿನಿಧಿ ಮಂಡಿಸಿದ ಮಸೂದೆಯ ಬಲದಿಂದ ಎಂಬುದು ಅವನಿಗೆ ಗೊತ್ತಿರಲಾರದು.

ಆದರೆ ಇದರಿಂದ ಆತುರದ ತೀರ್ಮಾನಕ್ಕೆ ಬರುವುದು ಸರಿಯಲ್ಲ. ಮಸೂದೆ ಮಂಡಿಸುವವರು ಒಬ್ಬರು; ಅದರ ಅಕ್ಷರ ಅಕ್ಷರವನ್ನು ಪೋಣಿಸುವವರು ಕಾನೂನು ಮಂತ್ರಾಲಯದ ಕರಡುಗಾರರು. ಅವರ ಹೆಸರು ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ಇನ್ನು ಮತದಾರನ ಮನಸ್ಸಿನ ಮಾತು. 1996ರಲ್ಲಿ ಅದೇ ಚಿಕ್ಕೋಡಿಯ ಮತದಾರರು ಶಂಕರಾನಂದರನ್ನು ಬಿಟ್ಟು ಜನತಾದಳದ ರತ್ನಮಾಲಾ ಸವಣೂರರನ್ನು ಆರಿಸಿದರು. ಏಳು ಸಲ ಗೆದ್ದವರ ಕಾಯಿದೆ ಜ್ಞಾನ ಎಂಟನೆಯ ಸಲಕ್ಕೆ ಕಡಮೆಯಾಗಿತ್ತೆಂದು ಯಾರೂ ಹೇಳಲಾರರು. ಚುನಾವಣೆಯನ್ನು ಗೆಲ್ಲಿಸುವ ವಿದ್ಯೆ ಕಾಯಿದೆ ಕಾಲೇಜಿನ ಪಾಠಪಟ್ಟಿಯಲ್ಲಿಲ್ಲ.

ಬ್ಯಾರಿಸ್ಟರರ ಹಿಂತೆಗೆದುಕೊಂಡ ಮಸೂದೆ

ಅದಕ್ಕಿಂತ ಹಿಂದಿನ ಕಥೆಯೊಂದು ನಿಪ್ಪಾಣಿಗೆ ಸೇರಿದ್ದು. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಮರಳಿದ ಡಾ. ಬಿ.ಆರ್. ಅಂಬೇಡ್ಕರರು 1925ರಲ್ಲಿ ನಿಪ್ಪಾಣಿಯಲ್ಲಿ ಸೇರಿದ ದಲಿತ ವರ್ಗಗಳ ಪ್ರಾಂತೀಯ ಸಮ್ಮೇಳನಕ್ಕೆ ಬಂದಿದ್ದರು. ಆಗ ನಿಪ್ಪಾಣಿ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಹಳ್ಳಿಹಳ್ಳಿಯಲ್ಲಿ ವತನದ ಕಟ್ಟು ಬಲವಾಗಿತ್ತು. ತುಂಡು ಇನಾಮು ಭೂಮಿ, ಒಂದಿಷ್ಟು ಕಾಳು - ಇಷ್ಟಕ್ಕಾಗಿ ಮಹಾರರ ಮನೆತನಗಳು ತಲೆತಲಾಂತರಕ್ಕೂ ಹೊತ್ತುಗೊತ್ತಿಲ್ಲದೆ ಸರಕಾರದ ಚಾಕರಿಗೆ ಬದ್ಧವಾಗಿದ್ದವು. ಆ ಕಟ್ಟಿಗೆ ಆಧಾರ 1874ರ ಮುಂಬಯಿ ವಂಶಪಾರಂಪರ್ಯ ಹುದ್ದೆಗಳ ಕಾಯಿದೆ.

ಮುಂಬಯಿ ಶಾಸನ ಪರಿಷತ್ತಿನ ಸದಸ್ಯರಾದ ಅಂಬೇಡ್ಕರರು 1928ರಲ್ಲಿ ಆ ಕಾಯಿದೆಯನ್ನು ತಿದ್ದುವ ಮಸೂದೆ ತಂದರು. ಮಸೂದೆಯ ಬರವಣಿಗೆಯಲ್ಲಿ ಕುಂದಿರಲಿಲ್ಲ, ವಾದದಲ್ಲಿ ಕೊರತೆಯಿರಲಿಲ್ಲ. ಆದರೂ 1929ರಲ್ಲಿ ಅವರೇ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಸಭೆಯಲ್ಲಿ ಕೈಗಳಿರಲಿಲ್ಲ. ಅಂಬೇಡ್ಕರರು ತೀರಿಕೊಂಡ ಮರುವರ್ಷ, 1957ರಲ್ಲಿ, ಚಿಕ್ಕೋಡಿಯ ಮತದಾರರು ಅವರ ಪರಿಶಿಷ್ಟ ಜಾತಿಗಳ ಒಕ್ಕೂಟದ ಅಭ್ಯರ್ಥಿ ದತ್ತಾ ಅಪ್ಪಾ ಕಟ್ಟಿಯವರನ್ನು ಲೋಕಸಭೆಗೆ ಕಳುಹಿಸಿದರು. ಮುಂದೆ ಮೈಸೂರು ರಾಜ್ಯದ 1961ರ ಗ್ರಾಮ ಹುದ್ದೆಗಳ ನಿರ್ಮೂಲನ ಕಾಯಿದೆ 1963ರಲ್ಲಿ ಜಾರಿಗೆ ಬಂದು ಈ ಐದು ತಾಲೂಕುಗಳಲ್ಲಿ ವತನದ ಚಾಕರಿ ಕಾಯಿದೆಯಿಂದಲೇ ಕೊನೆಗೊಂಡಿತು. ಮೊದಲ ಮಸೂದೆಗೂ ಈ ಕಾಯಿದೆಗೂ ನಡುವೆ 33 ವರ್ಷ.

ಕಾಯಿದೆಯ ವಿದ್ಯೆ ಮಸೂದೆಯನ್ನು ಬರೆಯಬಲ್ಲುದು. ಅದಕ್ಕೆ ಬಹುಮತವನ್ನು ಹುಟ್ಟಿಸಲಾರದು. ಹಾಗೆಂದು ಬರೆಯದೆ ಬಿಟ್ಟಿದ್ದರೆ ಮುಂದಿನವರಿಗೆ ಹಿಡಿದು ನಡೆಯಲು ದಾರದ ತುದಿಯೂ ಇರುತ್ತಿರಲಿಲ್ಲ.

ಹೆದ್ದಾರಿಯ ಮೇಲೆ ಕುಳಿತವರು

ಇನ್ನು ಕಾಯಿದೆ ಮಾಡಿಸುವವರ ಮಾತು. ಇಂಗ್ಲಿಷಿನ ಲಾಬಿ ಎಂಬ ಪದಕ್ಕೆ ನಮ್ಮ ಕಡೆ ಒಳ್ಳೆಯ ಹೆಸರಿಲ್ಲ. ಸಭಾಂಗಣದ ಹೊರಗಿನ ಮೊಗಸಾಲೆಯಲ್ಲಿ ಶಾಸಕರನ್ನು ತಡೆದು ನಿಲ್ಲಿಸಿ ತಮ್ಮ ಅಹವಾಲು ಹೇಳಿಕೊಳ್ಳುವುದೇ ಅದರ ಮೂಲಾರ್ಥ. ನಮ್ಮ ಜನ ಅದನ್ನು ವಶೀಲಿಯೊಡನೆ ಸೇರಿಸಿ ಮೂಗು ಮುರಿಯುತ್ತಾರೆ. ಆದರೆ ಎರಡೂ ಒಂದಲ್ಲ. ವಶೀಲಿ ಕದ್ದು ಮುಚ್ಚಿ ಒಬ್ಬನ ಕೆಲಸ ಮಾಡಿಸಿಕೊಳ್ಳುತ್ತದೆ. ಮನವೊಲಿಕೆ ಎಲ್ಲರೆದುರಿಗೆ ಹಲವರ ಪರವಾಗಿ ಮಾತಾಡುತ್ತದೆ. ಅಮೆರಿಕದಲ್ಲಿ 1946ರಲ್ಲಿಯೂ, ಇನ್ನಷ್ಟು ಬಿಗಿಯಾಗಿ 1995ರಲ್ಲಿಯೂ ಕಾಯಿದೆ ಮಾಡಿ, ಈ ಕಸುಬಿನವರು ಹೆಸರು ನೋಂದಾಯಿಸಿ ಲೆಕ್ಕ ಒಪ್ಪಿಸಬೇಕೆಂದು ವಿಧಿಸಿದರು. ಭಾರತದಲ್ಲಿ ಅಂಥ ಕಾಯಿದೆಯಿಲ್ಲ. ಆದಕಾರಣ ಈ ಕಸುಬಿಗೆ ಇಲ್ಲಿ ನೋಂದಣಿಯೂ ಇಲ್ಲ, ನಿಗದಿಯಾದ ಅರ್ಹತೆಯೂ ಇಲ್ಲ. ಮಾಡುವವರು ಮಾತ್ರ ಹಿಂದಿನಿಂದಲೂ ಇದ್ದಾರೆ.

ನಿಪ್ಪಾಣಿಯ ತಂಬಾಕು ಬೆಳೆಗಾರರು ಮೊಗಸಾಲೆಯವರೆಗೆ ಹೋಗಲಿಲ್ಲ. 1981ರ ಮಾರ್ಚ್ 14ರಂದು ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆಯೇ ಕುಳಿತರು. ವ್ಯಾಪಾರಿ ಹೇಳಿದ್ದೇ ಬೆಲೆ ಎಂಬ ಸ್ಥಿತಿ ಹೋಗಿ ನ್ಯಾಯವಾದ ಬೆಲೆ ದೊರೆಯಬೇಕೆಂಬುದು ಅವರ ಬೇಡಿಕೆ. ಮೂರು ವಾರಗಳಿಗೂ ಮಿಕ್ಕಿ ಅವರು ಅಲ್ಲಿಂದ ಕದಲಲಿಲ್ಲ. ಏಪ್ರಿಲ್ 6ರಂದು ಪೋಲೀಸರು ಗುಂಡು ಹಾರಿಸಿದರು. 12 ಮಂದಿ ರೈತರು ಸತ್ತರು.

ಆ ಚಳವಳಿಯ ಮುಂದಾಳುಗಳಲ್ಲಿ ಶರದ ಜೋಶಿಯವರು ಅಂಚೆ ಖಾತೆಯ ಅಧಿಕಾರಿಯಾಗಿದ್ದು, ಸ್ವಿಟ್ಜರ್ಲೆಂಡಿನಲ್ಲಿ ವಿಶ್ವ ಅಂಚೆ ಒಕ್ಕೂಟದಲ್ಲಿ ಕೆಲಸ ಮಾಡಿ, ಅದನ್ನು ಬಿಟ್ಟು ಬಂದು ಒಕ್ಕಲುತನ ಹಿಡಿದವರು. ನಿಪ್ಪಾಣಿಯ ಸುಭಾಷ ಜೋಶಿಯವರು ಅಧ್ಯಾಪಕರು. ತಂಬಾಕಿನ ಧೂಳಿನಲ್ಲಿ ದುಡಿಯುವ ಹೆಂಗಸರನ್ನು ಸಂಘಟಿಸಿದವರು. ಮುಂದೆ ಸುಭಾಷ ಜೋಶಿಯವರು ವಿಧಾನಸಭೆಗೂ, ಶರದ ಜೋಶಿಯವರು 2004ರಲ್ಲಿ ರಾಜ್ಯಸಭೆಗೂ ಹೋದರು. ಶರದ ಜೋಶಿಯವರ ಆಸ್ತಿ ಅಂಕಿ ಅಂಶದ ತಿಳಿವಳಿಕೆ. ಒಂದು ಕಿಲೋ ಬೆಳೆಗೆ ತಗಲುವ ಖರ್ಚೆಷ್ಟು, ರೈತನ ಕೈಗೆ ಬಂದುದೆಷ್ಟು ಎಂದು ಅವರು ಲೆಕ್ಕ ಹಾಕಿ ತೋರಿಸಿದಾಗ ಹಳ್ಳಿಯ ಮುದುಕಿಗೂ ಅರ್ಥವಾಗುತ್ತಿತ್ತು. ಮಂತ್ರಿಗೂ ಅರ್ಥವಾಗದೆ ಇರುತ್ತಿರಲಿಲ್ಲ.

ಒಂದು ಪದದ ಬೆಲೆ

ಹಾಗಾದರೆ ಕಾಯಿದೆಯ ಓದು ವ್ಯರ್ಥವೆ? ಅದೇ ನಿಪ್ಪಾಣಿಯ ಬೀಡಿ ಸುತ್ತುವ ಹೆಣ್ಣುಮಕ್ಕಳನ್ನು ಕೇಳಬೇಕು. ಮನೆಯ ಜಗಲಿಯಲ್ಲಿ ಕುಳಿತು ಎಲೆ ಕತ್ತರಿಸಿ, ತಂಬಾಕು ತುಂಬಿ, ನೂಲು ಸುತ್ತುವವಳು ಯಾರ ಕಾರ್ಮಿಕಳು? ಮಾಲೀಕ ಅವಳನ್ನು ಕಂಡೇ ಇಲ್ಲ, ನಡುವೆ ಗುತ್ತಿಗೆದಾರ. ಅವಳು ತನ್ನ ಮನೆಯಲ್ಲಿ ತನ್ನ ಬಿಡುವಿನಲ್ಲಿ ಏನೋ ಮಾಡಿಕೊಳ್ಳುತ್ತಾಳೆ, ತನಗೂ ಅವಳಿಗೂ ಸಂಬಂಧವಿಲ್ಲ ಎಂದು ಮಾಲೀಕ ಹೇಳಿದರೆ ಕೂಲಿಯ ಮಾತು ಅಲ್ಲಿಗೆ ಮುಗಿಯಿತು. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆ, ಸಾಮಗ್ರಿ ಪಡೆದು ಮನೆಯಲ್ಲಿ ಬೀಡಿ ಸುತ್ತುವವಳೂ ಕಾರ್ಮಿಕಳೇ ಎಂದಿತು. ಆ ಒಂದು ವ್ಯಾಖ್ಯೆಯ ಮೇಲೆ ಎಲ್ಲವೂ ನಿಂತಿತ್ತು. ಮಾಲೀಕರು ನ್ಯಾಯಾಲಯಕ್ಕೆ ಹೋದರು. 1974ರಲ್ಲಿ ಮಂಗಳೂರು ಗಣೇಶ ಬೀಡಿ ವರ್ಕ್ಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯ ಕಾಯಿದೆಯನ್ನು ಎತ್ತಿಹಿಡಿಯಿತು. 2025ರ ನವೆಂಬರಿನಲ್ಲಿ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದು ಆ ಹಳೆಯ ಕಾಯಿದೆ ಅವುಗಳಲ್ಲಿ ಕರಗಿತು. ಹೊಸ ಸಂಹಿತೆಯಲ್ಲಿ ಹಳೆಯ ವ್ಯಾಖ್ಯೆಯ ಪದಗಳು ಎಲ್ಲಿ ಹೋದವು, ಹೇಗೆ ಬಂದವು ಎಂದು ಕುಳಿತು ಓದಬಲ್ಲವನು ನಿಪ್ಪಾಣಿಗೆ ಬೇಕಾಗಿದ್ದಾನೆ.

ಕಬ್ಬಿನ ಕಥೆಯೂ ಹೀಗೆಯೇ. 1966ರ ಕಬ್ಬು ನಿಯಂತ್ರಣ ಆದೇಶ, ಕಬ್ಬು ಒಪ್ಪಿಸಿದ 14 ದಿನಗಳೊಳಗೆ ಹಣ ಸಂದಾಯವಾಗಬೇಕು, ತಡವಾದರೆ ವರ್ಷಕ್ಕೆ ಶೇಕಡಾ 15ರಂತೆ ಬಡ್ಡಿ ಸೇರಬೇಕು ಎಂದು ವಿಧಿಸಿತು. ಇದು ಪಾರ್ಲಿಮೆಂಟು ಅಂಗೀಕರಿಸಿದ ಕಾಯಿದೆಯಲ್ಲ. 1955ರ ಅವಶ್ಯಕ ವಸ್ತುಗಳ ಕಾಯಿದೆಯ ಬಲದಿಂದ ಕೇಂದ್ರ ಸರಕಾರ ಹೊರಡಿಸಿದ ಆದೇಶ. ಇದನ್ನು ತಿದ್ದಬೇಕಾದರೆ ಶಾಸಕನ ಮನೆಯ ಮುಂದೆ ಕುಳಿತು ಪ್ರಯೋಜನವಿಲ್ಲ. ದಿಲ್ಲಿಯ ಮಂತ್ರಾಲಯದ ಬಾಗಿಲು ತಟ್ಟಬೇಕು. ನ್ಯಾಯ ಮತ್ತು ಲಾಭದಾಯಕ ಬೆಲೆಯನ್ನು ಗೊತ್ತುಮಾಡುವುದೂ ದಿಲ್ಲಿಯೇ. ಆದರೆ ಅದಕ್ಕಿಂತ ಹೆಚ್ಚಿನ ಬೆಲೆಯನ್ನು ಗೊತ್ತುಮಾಡಲು ರಾಜ್ಯಕ್ಕೆ ಅಧಿಕಾರವುಂಟೆಂದು ಉತ್ತರ ಪ್ರದೇಶದ ಮೊಕದ್ದಮೆಯಲ್ಲಿ 2004ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ ಹೇಳಿತು. ಅಂದಮೇಲೆ ಬೆಂಗಳೂರಿನ ಬಾಗಿಲೂ ಒಂದುಂಟು. ಯಾವ ಅರ್ಜಿ ಯಾವ ಬಾಗಿಲಿಗೆ ಎಂದು ತಿಳಿಯದೆ ವರ್ಷಗಟ್ಟಲೆ ಅಲೆದವರು ಎಷ್ಟೋ ಮಂದಿ.

ಅಲೆದಾಟದ ಕೊನೆ ದಾರುಣವೂ ಆಗಬಹುದು. 2013ರ ನವೆಂಬರಿನಲ್ಲಿ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಅಧಿವೇಶನ ನಡೆದಿರುವಾಗ, ಹೊರಗೆ ಕಬ್ಬಿನ ಬೆಲೆಗಾಗಿ ಧರಣಿ ಕುಳಿತವರ ನಡುವೆ ರಾಯಬಾಗ ತಾಲೂಕಿನ ರೈತನೊಬ್ಬ ವಿಷ ಕುಡಿದು ಸತ್ತ. ಒಳಗೆ ಕಾಯಿದೆ ಮಾಡುವವರು. ಹೊರಗೆ ಕಾಯಿದೆ ಬೇಡುವವರು. ನಡುವೆ ಇದ್ದುದು ಒಂದು ಗೋಡೆ. ಆ ಗೋಡೆಯಲ್ಲಿ ಬಾಗಿಲು ಕೊರೆಯುವ ಕೆಲಸವನ್ನೇ ಕಸುಬಾಗಿ ಹಿಡಿಯುತ್ತೇನೆಂದು ಹುಡುಗನೊಬ್ಬ ಹೊರಟರೆ ಅದನ್ನು ಹಗುರಾದ ಹಂಬಲವೆನ್ನಲಾಗದು.

ಕಾಗವಾಡದ ಹೆಸರಿನ ತೀರ್ಪು

ಕಾಯಿದೆಯನ್ನು ಓದದೆ ಶಾಸಕನಾಗಬಹುದು. ಆದರೆ ಕಾಯಿದೆ ಶಾಸಕನನ್ನು ಬಿಡುವುದಿಲ್ಲ. 2019ರ ಜುಲೈಯಲ್ಲಿ ರಾಜ್ಯದ ಸಮ್ಮಿಶ್ರ ಸರಕಾರ ಬಿದ್ದಾಗ ಸಭಾಧ್ಯಕ್ಷರು 17 ಮಂದಿ ಶಾಸಕರನ್ನು ಪಕ್ಷಾಂತರದ ಕಾರಣದಿಂದ ಅನರ್ಹಗೊಳಿಸಿದರು. ಅವರಲ್ಲಿ ಅಥಣಿಯ ಮಹೇಶ ಕುಮಠಳ್ಳಿಯವರೂ, ಸಕ್ಕರೆ ಉದ್ಯಮಿಯಾದ ಕಾಗವಾಡದ ಶ್ರೀಮಂತ ಪಾಟೀಲರೂ ಇದ್ದರು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. 2019ರ ನವೆಂಬರ್ 13ರ ತೀರ್ಪು ಅನರ್ಹತೆಯನ್ನು ಎತ್ತಿಹಿಡಿಯಿತು. ಆದರೆ ವಿಧಾನಸಭೆಯ ಅವಧಿ ಮುಗಿಯುವವರೆಗೆ ಅವರು ಚುನಾವಣೆಗೆ ನಿಲ್ಲಬಾರದೆಂದು ಸಭಾಧ್ಯಕ್ಷರು ಹೇಳುವಂತಿಲ್ಲ ಎಂದಿತು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಇಬ್ಬರೂ ಗೆದ್ದರು. 2023ರಲ್ಲಿ ಇಬ್ಬರೂ ಸೋತರು.

ಈ ತೀರ್ಪಿಗೆ ಕಾಯಿದೆಯ ವರದಿಗಳಲ್ಲಿ ಬಿದ್ದ ಹೆಸರು "ಶ್ರೀಮಂತ ಬಾಳಾಸಾಹೇಬ ಪಾಟೀಲ ವಿರುದ್ಧ ಕರ್ನಾಟಕ ವಿಧಾನಸಭೆಯ ಸಭಾಧ್ಯಕ್ಷರು" ಎಂದು. ಪಕ್ಷಾಂತರದ ಹತ್ತನೆಯ ಅನುಸೂಚಿಯನ್ನು ಓದುವ ದೇಶದ ವಿದ್ಯಾರ್ಥಿಗಳು ಕಾಗವಾಡವನ್ನು ಭೂಪಟದಲ್ಲಿ ಕಾಣದೆ ಇದ್ದರೂ ಅದರ ಶಾಸಕರ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಶಾಸಕತ್ವದ ಅಳಿವು ಉಳಿವು ಒಂದು ವಾಕ್ಯದ ಅರ್ಥಕ್ಕೆ ತೂಗಾಡುವಾಗ ಪಕ್ಕದಲ್ಲಿ ನಿಲ್ಲಬೇಕಾದವನು ಕಾಯಿದೆ ಬಲ್ಲವನೇ.

ಮೂರು ಬಾಗಿಲು, ಮೂರು ಉತ್ತರ

ಇಷ್ಟನ್ನು ಕೂಡಿಸಿ ನೋಡಿದರೆ ಬಸ್ ನಿಲ್ದಾಣದ ಹುಡುಗನಿಗೆ ಒಂದಲ್ಲ, ಮೂರು ಉತ್ತರ ದೊರೆಯುತ್ತವೆ.

ಕಾಯಿದೆಯನ್ನು ಬರೆಯುವ ಕರಡುಗಾರನಾಗಬೇಕೆಂದಿದ್ದರೆ ಅವನು ಕಾಯಿದೆ ಓದಲೇಬೇಕು. ಕೇಂದ್ರದ ಶಾಸಕಾಂಗ ಇಲಾಖೆಯಾಗಲಿ, ರಾಜ್ಯದ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನೆ ಇಲಾಖೆಯಾಗಲಿ, ಆ ಕೆಲಸಕ್ಕೆ ಕಾಯಿದೆ ಪದವಿಯೇ ಮೊದಲ ಮೆಟ್ಟಿಲು. ಆದರೆ ಕಾಲೇಜಿನ ಪಾಠ ಬಹುಮಟ್ಟಿಗೆ ಆಗಿಹೋದ ಕಾಯಿದೆಯನ್ನು ಅರ್ಥೈಸುವುದನ್ನು ಕಲಿಸುತ್ತದೆ. ಆಗಬೇಕಾದ ಕಾಯಿದೆಯನ್ನು ಬರೆಯುವುದು ಬೇರೆ ಕುಶಲತೆ. ಅದಕ್ಕಾಗಿಯೇ ಕೇಂದ್ರ ಸರಕಾರ 1989ರಲ್ಲಿ ಶಾಸನ ಕರಡು ಮತ್ತು ಸಂಶೋಧನೆಯ ಸಂಸ್ಥೆಯನ್ನು ಬೇರೆಯಾಗಿ ತೆರೆಯಬೇಕಾಯಿತು.

ಸಭೆಯಲ್ಲಿ ಕೂರಬೇಕೆಂದಿದ್ದರೆ ಪದವಿ ಬೇಕಿಲ್ಲ, ಇದ್ದರೆ ಲಾಭ. ಸೋತ ವರ್ಷಗಳಲ್ಲಿ ಹೊಟ್ಟೆಗೊಂದು ವೃತ್ತಿಯಿರುತ್ತದೆ. ಗೆದ್ದ ವರ್ಷಗಳಲ್ಲಿಯೂ ಅದನ್ನು ಬಿಡಬೇಕಿಲ್ಲ. ಶಾಸಕನಾದವನು ವಕೀಲಿ ಮಾಡುವುದಕ್ಕೆ ಅಡ್ಡಿಯಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿತು. ಹುಸಿ ಆಶ್ವಾಸನೆ ಕೊಡದೆ ರಾಜಕಾರಣ ಮಾಡಬೇಕೆನ್ನುವವನಿಗೆ ಸ್ವಂತ ಸಂಪಾದನೆಯಷ್ಟು ದೊಡ್ಡ ರಕ್ಷೆ ಬೇರೊಂದಿಲ್ಲ.

ಕಾಯಿದೆ ಮಾಡಿಸುವ ಮನವೊಲಿಕೆಯ ದಾರಿ ಹಿಡಿಯುವವನಿಗೆ ಪದವಿಗಿಂತ ಮೊದಲು ವಿಷಯ ಬೇಕು. ಕಬ್ಬೋ ಬೀಡಿಯೋ ನೀರೋ, ಒಂದನ್ನು ಬೇರಿನವರೆಗೆ ಬಲ್ಲವನಾಗಬೇಕು. ಸಂಸದರ ಬಳಿ ಒಂದು ವರ್ಷ ಸಹಾಯಕರಾಗಿ ದುಡಿಯುವ ತರುಣರನ್ನು 2010ರಿಂದ ಆರಿಸುತ್ತ ಬಂದಿರುವ ಪಿ.ಆರ್.ಎಸ್. ಸಂಸ್ಥೆಯವರು ಯಾವ ವಿಷಯದ ಪದವೀಧರನಾದರೂ ಆದೀತೆಂದಿದ್ದಾರೆ. ಮಸೂದೆಯ ಕರಡನ್ನು 30 ದಿನ ಮೊದಲೇ ಜನರ ಮುಂದಿಡಬೇಕೆಂಬ ಕೇಂದ್ರದ 2014ರ ನೀತಿ, ಪದವಿಯಿಲ್ಲದವನಿಗೂ ಒಂದು ಕಿಂಡಿ ತೆರೆದಿದೆ. ಆ ಕಿಂಡಿಯಲ್ಲಿ ಕೈಹಾಕಿ ಆಕ್ಷೇಪಣೆ ಬರೆಯುವವರು ಹಳ್ಳಿಗಳಿಂದ ಬರಬೇಕಷ್ಟೆ.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ಗಾದೆಯನ್ನು ಕೇಳುತ್ತಲೇ ಬೆಳೆದ ತಂದೆಗೆ ಮಗನ ಕರಿಕೋಟಿನ ಬಗ್ಗೆ ಅಂಜಿಕೆ ಇರುವುದು ಸಹಜ. ಗಾದೆ ವ್ಯಾಜ್ಯವನ್ನು ಕುರಿತದ್ದು, ವಿದ್ಯೆಯನ್ನು ಕುರಿತದ್ದಲ್ಲ. ವ್ಯಾಜ್ಯ ಹುಟ್ಟದಂತೆ ಕಾಯಿದೆಯ ಪದವನ್ನು ಮೊದಲೇ ಸರಿಯಾಗಿ ಬರೆಯಿಸುವವನು ಆ ಗಾದೆಗೂ ಔಷಧವಾಗಬಲ್ಲ.

ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿಯ ರಾಜಾ ಲಖಮಗೌಡ ಕಾಯಿದೆ ಕಾಲೇಜು 1939ರಿಂದ ನಡೆದಿದೆ. ಅಲ್ಲಿ ಓದಿದ ಇ.ಎಸ್. ವೆಂಕಟರಾಮಯ್ಯನವರು 1989ರಲ್ಲಿ ಭಾರತದ ಮುಖ್ಯ ನ್ಯಾಯಾಧೀಶರಾದರು. ಬಸ್ಸು ಹುಡುಗನನ್ನು ಒಯ್ಯುವುದು ಅದೇ ಊರಿಗೆ. ನಿಪ್ಪಾಣಿಯಲ್ಲಿ 1981ರಲ್ಲಿ ತಂಬಾಕು ಬೆಳೆಗಾರರು ಕುಳಿತಿದ್ದ ಹೆದ್ದಾರಿಯೇ ಬೆಳಗಾವಿಯ ಸುವರ್ಣ ವಿಧಾನಸೌಧದ ಮುಂದೆಯೂ ಹಾಯುತ್ತದೆ. ರಸ್ತೆ ಒಂದೇ. ಕಾಯಿದೆ ಓದಿ ಹೊರಬಂದವನು ಒಂದು ಕಡೆ ಕುಳಿತವರ ಮಾತನ್ನು ಇನ್ನೊಂದು ಕಡೆ ಕುಳಿತವರಿಗೆ ಮುಟ್ಟಿಸಿದರೆ ತಂದೆಯ ಮೂರು ವರ್ಷದ ಕಬ್ಬು ಹಾಳಾಗಲಿಲ್ಲ. ಮುಟ್ಟಿಸುವ ಮನಸ್ಸಿಲ್ಲದವನಿಗೆ ಯಾವ ಕಾಲೇಜಿನ ಪದವಿಯೂ ಗೋಡೆಗೆ ತೂಗುಹಾಕುವ ಚಿತ್ರಪಟ.